ಚೈನ್ ಹಾರಿದರೆ ಮೊದಲು ಅಳೆಯಿರಿ

ರಾಯಚೂರು ಜಿಲ್ಲೆಯ ಮಾನ್ವಿ ತಾಲ್ಲೂಕಿನ ಹಿರೇಕೊಟ್ನೆಕಲ್ ಸುತ್ತಿನ ನೆಲ ಬಹುಪಾಲು ಸಪಾಟು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕಂಡ ಈ ಸೀಮೆಯಲ್ಲಿ ನೆಲ್ಲಿನ ಗದ್ದೆ ಕಣ್ಣಿಗೆ ಎಟಕುವಷ್ಟು ದೂರ ಹಾಸಿಕೊಂಡಿರುತ್ತದೆ. ಸೈಕಲ್ ತುಳಿಯುವವರಿಗೆ ದಾರಿಯಲ್ಲಿ ದೊಡ್ಡ ಏರು ಸಿಗುವುದು ಕಡಿಮೆ. ಆದರೂ ಕಾಲುವೆಯ ಏರಿ ಹತ್ತಬೇಕಾಗುತ್ತದೆ, ಬೇಸಿಗೆಯ ಎದುರುಗಾಳಿಗೆ ಮೈಯೊಡ್ಡಬೇಕಾಗುತ್ತದೆ, ಕ್ಯಾರಿಯರ್ ಮೇಲೆ ತಮ್ಮನೋ ಗೊಬ್ಬರದ ಚೀಲವೋ ಕೂತಿರುತ್ತದೆ. ಹಳೇ ಸೈಕಲ್ಲಿನ ಚೈನ್ ಹಾರುವುದು ಇಂಥ ಕಡೆಯೇ. ಸೀಟಿನಿಂದ ಎದ್ದು ಪೆಡಲ್ ಮೇಲೆ ಭಾರ ಹಾಕಿದ ಗಳಿಗೆಯಲ್ಲಿ ಕೆಳಗೆ ‘ಕಟ್’ ಎನ್ನುತ್ತದೆ, ತುಳಿದ ಕಾಲು ಆಸರೆ ತಪ್ಪಿ ಧಸಕ್ಕನೆ ಇಳಿಯುತ್ತದೆ. ಹ್ಯಾಂಡಲ್ ಒಂದು ಕಡೆ ವಾಲುತ್ತದೆ. ಹಿಂದಿನಿಂದ ನೆಲ್ಲು ತುಂಬಿದ ಟ್ರ್ಯಾಕ್ಟರ್ ಬರುತ್ತಿದ್ದರೆ ಆ ಒಂದು ವಾಲಾಟ ಸಣ್ಣದಲ್ಲ.

ಇದಕ್ಕೆ ಊರೂರಲ್ಲೂ ಒಂದೇ ಮದ್ದು: ಹಿಂದಿನ ಚಕ್ರದ ನಟ್ ಸಡಿಲಿಸು, ಚಕ್ರವನ್ನು ಹಿಂದಕ್ಕೆ ಎಳೆ, ಚೈನ್ ಬಿಗಿ ಮಾಡು. ಹಾಗೆ ಮಾಡಿದರೆ ನಾಲ್ಕು ದಿನ ಚೈನ್ ಸುಮ್ಮನಿರುತ್ತದೆ ಎಂಬುದೂ ನಿಜ. ಆಮೇಲೆ ಮತ್ತೆ ಹಾರುತ್ತದೆ, ಮತ್ತೆ ಎಳೆಯುತ್ತಾರೆ. ಎಳೆಯಲು ಜಾಗ ಮುಗಿದ ಮೇಲೆ ಚೈನಿನಲ್ಲಿ ಒಂದಿಂಚು ಕತ್ತರಿಸಿ ತೆಗೆಯುತ್ತಾರೆ. ಈ ಲೇಖನದ ತಕರಾರು ಇರುವುದು ಈ ಪದ್ಧತಿಯ ಮೇಲೆ. ಚೈನ್ ಹಾರುವುದಕ್ಕೆ ಸಡಿಲು ಒಂದು ಕಾರಣ ಮಾತ್ರ, ಅದೂ ಹಲವು ಸಲ ಬೇರೆ ರೋಗದ ಹೊರಗುರುತು. ಯಾವ ಭಾಗ ಸವೆದಿದೆ ಎಂದು ನೋಡದೆ ಬಿಗಿ ಮಾಡುತ್ತಾ ಹೋದರೆ, ಸವೆದ ಭಾಗ ಸರಿಯಿದ್ದ ಭಾಗವನ್ನೂ ತಿಂದು ಹಾಕುತ್ತದೆ. ಕೊನೆಗೆ ಒಂದು ಚೈನಿನ ಖರ್ಚಿನಲ್ಲಿ ಮುಗಿಯಬೇಕಿದ್ದದ್ದು ಚೈನ್, ಫ್ರೀವೀಲ್, ಚೈನ್‌ವೀಲ್ ಮೂರಕ್ಕೂ ದುಡ್ಡು ಕೇಳುತ್ತದೆ. ದಿನಗೂಲಿಯ ಮನೆಯಲ್ಲಿ ಸೈಕಲ್ ಮೂಲೆ ಸೇರುವುದು ಆಗಲೇ.

ಗೇರ್ ಸೈಕಲ್ಲಿನಲ್ಲಿ ಚೈನ್ ಸಡಿಲಾದರೆ ಎಳೆದು ಹಿಡಿಯಲು ಹಿಂದೆ ಒಂದು ಸ್ಪ್ರಿಂಗಿನ ತೋಳು ಇರುತ್ತದೆ. ನಮ್ಮ ಸಾದಾ ಸೈಕಲ್ಲಿಗೆ ಅದಿಲ್ಲ. ಮುಂದೆ ಒಂದು ಚೈನ್‌ವೀಲ್, ಹಿಂದೆ ಒಂದು ಫ್ರೀವೀಲ್, ನಡುವೆ ಒಂದು ಚೈನ್. ಬಿಗಿ ನೋಡಿಕೊಳ್ಳುವ ಕೆಲಸ ಪೂರ್ತಿ ಸವಾರನದು. ಇದರಲ್ಲಿ ಒಂದು ಅನುಕೂಲವೂ ಇದೆ. ಕೆಡಬಹುದಾದ ಜಾಗಗಳು ಎಣಿಸಿದಷ್ಟೇ ಇವೆ. ಅಂಗಡಿಗೆ ಹೋಗುವ ಮೊದಲೇ, ಮನೆಯ ಕಟ್ಟೆಯ ಮೇಲೆ ಕೂತು, ತೊಂದರೆ ಎಲ್ಲಿದೆ ಎಂದು ಹತ್ತಕ್ಕೆ ಒಂಬತ್ತು ಸಲ ಕಂಡುಹಿಡಿಯಬಹುದು.

ಮಾನ್ವಿ, ದೇವದುರ್ಗದ ಸಂತೆಪೇಟೆಗಳಲ್ಲಿ ವರ್ಷಗಟ್ಟಲೆ ಪಾನಾ ಹಿಡಿದ ಚಾಚಾಗಳು ಸೈಕಲ್ ಮುಟ್ಟುವ ಮೊದಲು ಪ್ರಶ್ನೆ ಕೇಳುತ್ತಾರೆ. ‘ಚೈನ್ ಹಾರಾಕತ್ತೈತ್ರಿ ಚಾಚಾ’ ಎಂದು ಹುಡುಗಿಯೊಬ್ಬಳು ಸೈಕಲ್ ನಿಲ್ಲಿಸಿದರೆ, ‘ಎಲ್ಲಿ ಹಾರತೈತವ್ವಾ, ಏರಿ ಮ್ಯಾಲೋ ಸಪಾಟಿನಾಗೋ? ಒಂದ ಕಡೆ ಹಾರತೈತೋ, ಮನಸ್ಸಿಗೆ ಬಂದಂಗ ಹಾರತೈತೋ?’ ಎಂದು ವಿಚಾರಿಸುತ್ತಾರೆ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಸಾಮಾನ್ಯ ಸೈಕಲ್ಲಿನ ಚೈನಿನಲ್ಲಿ ನೂರಕ್ಕೂ ಹೆಚ್ಚು ಕೊಂಡಿಗಳಿರುತ್ತವೆ. ಚೈನ್‌ವೀಲಿಗೆ 44 ಅಥವಾ 48 ಹಲ್ಲು ಇರುವುದು ರೂಢಿ. 44 ಹಲ್ಲಿನದು ಎಂದು ಹಿಡಿದರೆ ಪೆಡಲ್ ಒಂದು ಸುತ್ತು ಬಂದಾಗ ಚೈನ್ 44 ಕೊಂಡಿ ಮುಂದೆ ಹೋಗುತ್ತದೆ. ಅಂದರೆ ಚೈನ್ ತಾನು ಪೂರಾ ಒಂದು ಸುತ್ತು ಬರಲು ಪೆಡಲ್ ಹತ್ತಿರಹತ್ತಿರ ಎರಡೂವರೆ ಸುತ್ತು ತಿರುಗಬೇಕು. ಈ ಲೆಕ್ಕ ನೆನಪಿಟ್ಟುಕೊಂಡು ಕಿವಿಗೊಡಿ. ‘ಕಟ್’ ಸದ್ದು ಎರಡೂವರೆ ಸುತ್ತಿಗೊಮ್ಮೆ ತಪ್ಪದೆ ಬಂದರೆ ಚೈನಿನ ಒಂದು ಕೊಂಡಿಯಲ್ಲೇ ತೊಂದರೆ ಇದೆ. ಪ್ರತಿ ಸುತ್ತಿನಲ್ಲೂ ಪೆಡಲ್ ಅದೇ ಜಾಗಕ್ಕೆ ಬಂದಾಗ ಬಂದರೆ ಚೈನ್‌ವೀಲ್ ಸೊಟ್ಟಗಾಗಿದೆ, ಇಲ್ಲವೆ ಅದರ ಹಲ್ಲೊಂದು ಬಾಗಿದೆ, ಇಲ್ಲವೆ ಪೆಡಲಿನ ತೋಳನ್ನು ಹಿಡಿದಿಡುವ ಕಾಟರ್ ಪಿನ್ ಸಡಿಲಾಗಿದೆ. ಕಾಟರ್ ಪಿನ್ ಸಡಿಲಾದಾಗ ಚೈನ್ ಹಾರುವುದೇ ಇಲ್ಲ, ತೋಳು ಮಾತ್ರ ಕೊಂಚ ಅಲುಗಿ ಕಾಲಿಗೆ ಜಾರಿದ ಹಾಗೆ ಅನಿಸುತ್ತದೆ. ಅದಕ್ಕಾಗಿ ಚೈನ್ ಬಿಗಿ ಮಾಡಿಸಿಕೊಂಡು ಬಂದವರು ಎಷ್ಟೋ ಜನ. ಯಾವ ಲೆಕ್ಕಕ್ಕೂ ಸಿಗದೆ, ಭಾರ ಬಿದ್ದಾಗಲೆಲ್ಲ ಎಲ್ಲೆಂದರಲ್ಲಿ ಹಾರಿದರೆ ಸವೆತದ ಮೇಲೆ ಅನುಮಾನ ಪಡಬೇಕು. ಸವೆದದ್ದು ಚೈನೋ, ಫ್ರೀವೀಲಿನ ಹೊರಗಿನ ಹಲ್ಲೋ, ಅದರ ಹೊಟ್ಟೆಯೊಳಗಿನ ನಾಲಿಗೆಯೋ ಎಂಬುದು ಮುಂದಿನ ಪ್ರಶ್ನೆ.

ಅದನ್ನು ಬೇರ್ಪಡಿಸಲು ಒಂದು ಚೂರು ಸೀಮೆಸುಣ್ಣ ಸಾಕು. ಫ್ರೀವೀಲಿನ ಒಂದು ಹಲ್ಲಿಗೂ ಅದರ ಮೇಲೆ ಕೂತ ಕೊಂಡಿಗೂ ಸೇರಿಸಿ ಗುರುತು ಹಾಕಿ. ಬ್ರೇಕ್ ಗಟ್ಟಿಯಾಗಿ ಒತ್ತಿ ಹಿಂದಿನ ಚಕ್ರ ನಿಲ್ಲಿಸಿ, ಪೆಡಲನ್ನು ಕೈಯಿಂದಲೋ ಕಾಲಿಂದಲೋ ಮುಂದಕ್ಕೆ ಜೋರಾಗಿ ಒತ್ತಿ. ಜಾರಿದ ಮೇಲೆ ಗುರುತು ನೋಡಿ. ಕೊಂಡಿಯ ಗುರುತು ಹಲ್ಲಿನ ಗುರುತನ್ನು ಬಿಟ್ಟು ಮುಂದೆ ಹೋಗಿದ್ದರೆ ಚೈನ್ ನಿಜಕ್ಕೂ ಹಲ್ಲಿನ ಮೇಲಿಂದ ಹಾರಿದೆ. ಎರಡೂ ಗುರುತು ಜೊತೆಯಲ್ಲೇ ಮುಂದೆ ಸರಿದಿದ್ದು ಚಕ್ರ ಮಾತ್ರ ನಿಂತಲ್ಲೇ ನಿಂತಿದ್ದರೆ ಚೈನಿನ ತಪ್ಪಿಲ್ಲ, ಫ್ರೀವೀಲ್ ಒಳಗಿನಿಂದ ಜಾರುತ್ತಿದೆ. ಈ ಎರಡನ್ನೂ ಸವಾರನ ಕಾಲು ಒಂದೇ ಎಂದು ತಿಳಿಯುತ್ತದೆ. ಔಷಧ ಮಾತ್ರ ಬೇರೆ ಬೇರೆ.

ಈಗ ಚೈನಿನ ವಿಷಯ. ಜಗತ್ತಿನ ಬಹುಪಾಲು ಸೈಕಲ್ ಚೈನಿನಲ್ಲಿ ಒಂದು ಪಿನ್ನಿನ ನಡುವಿನಿಂದ ಮುಂದಿನ ಪಿನ್ನಿನ ನಡುವಿಗೆ ಸರಿಯಾಗಿ ಅರ್ಧ ಇಂಚು, ಅಂದರೆ 12.7 ಮಿಲಿಮೀಟರ್. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ನೆಲೆಸಿದ ಹಾನ್ಸ್ ರೆನಾಲ್ಡ್ 1880ರಲ್ಲಿ ರೂಪಿಸಿದ ಚೈನಿನ ಕುಲದ್ದೇ ಇದು. ಪಿನ್ನಿನ ಸುತ್ತ ಒಂದು ಬುಷ್, ಬುಷ್ಷಿನ ಸುತ್ತ ತಿರುಗುವ ಒಂದು ರೋಲರ್. 1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿ ತಂದ ರೋವರ್ ಸೈಕಲ್, ಚೈನಿನಿಂದ ಹಿಂದಿನ ಚಕ್ರ ತಿರುಗಿಸುವ ಮಾದರಿಯನ್ನು ಗಟ್ಟಿ ಮಾಡಿತು. ಮದರಾಸಿನ ಟಿಐ ಸೈಕಲ್ಸ್ 1949ರಲ್ಲಿ, ಸೋನಿಪತ್‌ನ ಅಟ್ಲಾಸ್ 1951ರಲ್ಲಿ, ಲೂಧಿಯಾನದ ಹೀರೋ 1956ರಲ್ಲಿ ಶುರುವಾದ ಮೇಲೆ ಅದೇ ಸೈಕಲ್ ನಮ್ಮ ಹಳ್ಳಿಗಳ ತನಕ ಬಂತು. ಕಂಪನಿ ಯಾವುದಾದರೂ ಆಗಲಿ, ಚೈನಿನ ಅರ್ಧ ಇಂಚು ಬದಲಾಗಲಿಲ್ಲ. ಹಾಗಾಗಿ ಅದನ್ನು ಅಳೆಯುವ ಸಾಧನ ಎಲ್ಲ ಮಕ್ಕಳ ಪಾಟಿಚೀಲದಲ್ಲೂ ಇದೆ. ಹನ್ನೆರಡು ಇಂಚಿನ ಅಡಿಪಟ್ಟಿ.

ಅರ್ಧ ಇಂಚಿನ 24 ಕೊಂಡಿ ಸೇರಿದರೆ ಸರಿಯಾಗಿ ಒಂದಡಿ. ಚೈನಿನ ಮೇಲುಭಾಗ ಬಿಗಿಯಾಗುವ ಹಾಗೆ ಪೆಡಲನ್ನು ಕೊಂಚ ಒತ್ತಿಹಿಡಿದು, ಅಡಿಪಟ್ಟಿಯ 12ನೇ ಇಂಚಿನ ಗೆರೆಯನ್ನು ಒಂದು ಪಿನ್ನಿನ ನಡುಮಧ್ಯಕ್ಕೆ ಹೊಂದಿಸಿ. ಅಲ್ಲಿಂದ 24 ಕೊಂಡಿ ಎಣಿಸಿ ಸೊನ್ನೆಯ ಕಡೆ ನೋಡಿ. ಪಿನ್ನಿನ ನಡು ಸೊನ್ನೆಯ ಗೆರೆಯ ಮೇಲೇ ಇದ್ದರೆ ಚೈನ್ ಚೆನ್ನಾಗಿದೆ. ಸೊನ್ನೆಯಿಂದ ಆಚೆಗೆ ಇಂಚಿನ ಹದಿನಾರನೇ ಒಂದು ಭಾಗ, ಅಂದರೆ ಒಂದೂವರೆ ಮಿಲಿಮೀಟರಿನಷ್ಟು ಸರಿದಿದ್ದರೆ ಚೈನ್ ಬದಲಿಸುವ ಹೊತ್ತು. ಈಗ ಬದಲಿಸಿದರೆ ಹಲ್ಲುಗಳು ಉಳಿಯುತ್ತವೆ. ಇಂಚಿನ ಎಂಟನೇ ಒಂದು ಭಾಗ, ಮೂರು ಮಿಲಿಮೀಟರ್ ದಾಟಿದ್ದರೆ ಚೈನ್ ಫ್ರೀವೀಲನ್ನೂ ಕೆಡಿಸಿದೆ ಎಂದೇ ತಿಳಿಯಬೇಕು.

‘ಚೈನ್ ಹಿಗ್ಗಿದೆ’ ಎಂದು ನಾವು ಹೇಳುತ್ತೇವಾದರೂ ಉಕ್ಕಿನ ಪಟ್ಟಿ ಹಿಗ್ಗಿರುವುದಿಲ್ಲ. ಪ್ರತಿ ಕೀಲಿನ ಒಳಗೆ ಪಿನ್ ಮತ್ತು ಬುಷ್ ಒಂದನ್ನೊಂದು ಉಜ್ಜಿ ಸವೆದಿರುತ್ತವೆ. ಒಂದಡಿಗೆ ಮೂರು ಮಿಲಿಮೀಟರ್ ಎಂದರೆ ಕೀಲೊಂದಕ್ಕೆ ಮಿಲಿಮೀಟರಿನ ಎಂಟನೇ ಒಂದು ಪಾಲು ಮಾತ್ರ, ಕಣ್ಣಿಗೆ ಕಾಣುವಂಥದ್ದಲ್ಲ. ನೂರೆಂಟು ಕೊಂಡಿಯ ಚೈನಿನಲ್ಲಿ ಅದೆಲ್ಲ ಕೂಡಿ ಅರ್ಧ ಇಂಚಿಗೂ ಹೆಚ್ಚಾಗುತ್ತದೆ. ಆಗ ಚೈನ್ ಜೋಲುತ್ತದೆ, ನಾವು ಚಕ್ರ ಹಿಂದಕ್ಕೆ ಎಳೆಯುತ್ತೇವೆ. ಜೋಲು ಹೋಯಿತು, ಕೊಂಡಿ ಕೊಂಡಿಯ ನಡುವಿನ ಅಂತರ ಮಾತ್ರ ಸರಿಯಾಗಲಿಲ್ಲ. ಹಲ್ಲುಗಳ ನಡುವಿನ ಅಂತರ ಇನ್ನೂ ಅರ್ಧ ಇಂಚೇ, ಕೊಂಡಿಗಳದು ಅದಕ್ಕಿಂತ ಹೆಚ್ಚು. ರೋಲರ್ ಹಲ್ಲಿನ ಬುಡದಲ್ಲಿ ಕೂರದೆ ಮೇಲಕ್ಕೆ ಸರಿದು ಕೂರುತ್ತದೆ. ಫ್ರೀವೀಲಿನ ಎಂಟು ಹಲ್ಲು ಹಂಚಿಕೊಂಡು ಹೊರಬೇಕಾದ ಭಾರ ಒಂದೆರಡು ಹಲ್ಲಿನ ಮೇಲೆ ಬೀಳುತ್ತದೆ.

ಆ ಭಾರ ಎಷ್ಟು? ಪೆಡಲಿನ ತೋಳು ಆರೂವರೆ ಇಂಚು, ಅಂದರೆ 165 ಮಿಲಿಮೀಟರ್ ಉದ್ದ ಎಂದುಕೊಳ್ಳೋಣ. 44 ಹಲ್ಲಿನ ಚೈನ್‌ವೀಲಿನ ನಡುವಿನಿಂದ ಚೈನಿಗೆ 89 ಮಿಲಿಮೀಟರ್. 50 ಕಿಲೋ ತೂಕದ ಹುಡುಗಿ ಅಡ್ಡಕ್ಕಿರುವ ಪೆಡಲಿನ ಮೇಲೆ ಎದ್ದು ನಿಂತರೆ ಚೈನಿನ ಮೇಲೆ ಬೀಳುವ ಎಳೆತ 90 ಕಿಲೋ ದಾಟುತ್ತದೆ. ಸಪಾಟಿನಲ್ಲಿ ಕೂತು ತುಳಿಯುವಾಗ ಸುಮ್ಮನಿದ್ದ ಚೈನ್ ಕಾಲುವೆ ಏರಿಯಲ್ಲಿ ಹಾರುವುದಕ್ಕೆ ಕಾರಣ ಇದೇ.

ಹಲ್ಲು ಸವೆದಿದೆಯೋ ಇಲ್ಲವೋ ನೋಡಲು ಅಳತೆ ಬೇಡ, ಬೆಳಕು ಬೇಕು. ಫ್ರೀವೀಲನ್ನು ಬಟ್ಟೆಯಿಂದ ಒರೆಸಿ ಬಿಸಿಲಿಗೆ ಹಿಡಿಯಿರಿ. ಒಳ್ಳೆಯ ಹಲ್ಲಿನ ಎರಡೂ ಮಗ್ಗುಲು ಒಂದೇ ಇಳಿಜಾರಿನಲ್ಲಿರುತ್ತವೆ. ಸವೆದ ಹಲ್ಲು ಒಂದು ಕಡೆಗೆ ಬಾಗಿ ಕುಡುಗೋಲಿನ ತುದಿಯ ಹಾಗೆ ಕಾಣುತ್ತದೆ. ಮುಂದಿನ ಚೈನ್‌ವೀಲ್ ಇಷ್ಟು ಬೇಗ ಸವೆಯುವುದಿಲ್ಲ, ಅದಕ್ಕೂ ಲೆಕ್ಕ ಇದೆ. 28 ಇಂಚಿನ ಚಕ್ರ, 44 ಮತ್ತು 18 ಹಲ್ಲಿನ ಸೈಕಲ್ ಪೆಡಲಿನ ಒಂದು ಸುತ್ತಿಗೆ ಸುಮಾರು ಐದೂವರೆ ಮೀಟರ್ ಹೋಗುತ್ತದೆ. ಪೆಡಲ್ ನಿಲ್ಲಿಸದೆ ತುಳಿದರೆ ಒಂದು ಕಿಲೋಮೀಟರಿಗೆ ಸುಮಾರು 180 ಸುತ್ತು. ಮುಂದಿನ ಒಂದೊಂದು ಹಲ್ಲು 180 ಸಲ ಚೈನಿಗೆ ಸಿಕ್ಕುವಷ್ಟರಲ್ಲಿ ಹಿಂದಿನ ಒಂದೊಂದು ಹಲ್ಲು 440 ಸಲ ಸಿಕ್ಕಿರುತ್ತದೆ. ಶಾಲೆಗೆ ಹೋಗಿಬರಲು ದಿನಕ್ಕೆ ಹತ್ತು ಕಿಲೋಮೀಟರ್, ವರ್ಷಕ್ಕೆ ಇನ್ನೂರು ದಿನ ಎಂದರೆ ಫ್ರೀವೀಲಿನ ಪ್ರತಿ ಹಲ್ಲಿಗೂ ಹತ್ತಿರಹತ್ತಿರ ಒಂಬತ್ತು ಲಕ್ಷ ಸಲದ ಉಜ್ಜಾಟ.

ಇಲ್ಲೇ ಅಂಗಡಿಗಳಲ್ಲಿ ಜಗಳಕ್ಕೆ ಕಾರಣವಾಗುವ ಒಂದು ಸಂಗತಿ ಹೇಳಬೇಕು. ಹಳೇ ಚೈನ್ ತೆಗೆಸಿ ಹೊಸದು ಹಾಕಿಸಿದ ಮಾರನೆಯ ದಿನವೇ ಚೈನ್ ಮೊದಲಿಗಿಂತ ಹೆಚ್ಚು ಹಾರತೊಡಗುತ್ತದೆ. ಗಿರಾಕಿ ಚೈನೇ ಖೋಟಾ ಅನ್ನುತ್ತಾರೆ, ಅಂಗಡಿಯವರು ಚೈನ್ ಒಳ್ಳೆಯದೇ ಅನ್ನುತ್ತಾರೆ. ಇಬ್ಬರ ಮಾತಿನಲ್ಲೂ ಸುಳ್ಳಿಲ್ಲ. ಹಳೇ ಚೈನ್ ಮತ್ತು ಹಳೇ ಫ್ರೀವೀಲ್ ಒಂದರ ಸವೆತಕ್ಕೆ ಇನ್ನೊಂದು ಹೊಂದಿಕೊಂಡು ಹೇಗೋ ನಡೆಯುತ್ತಿದ್ದವು. ಹೊಸ ಚೈನಿನ ಅರ್ಧ ಇಂಚು ಪಕ್ಕಾ ಇದೆ, ಅದು ಬಾಗಿದ ಹಲ್ಲುಗಳ ನಡುವೆ ಕೂರಲಾರದು. ಆದ್ದರಿಂದ ಅಡಿಪಟ್ಟಿ ಮೂರು ಮಿಲಿಮೀಟರ್ ತೋರಿಸಿದ್ದರೆ ಚೈನ್ ಮತ್ತು ಫ್ರೀವೀಲನ್ನು ಜೋಡಿಯಾಗಿಯೇ ಬದಲಿಸಬೇಕು. ಒಂದನ್ನೇ ಬದಲಿಸಿ ಇನ್ನೊಂದನ್ನು ಮುಂದಿನ ತಿಂಗಳಿಗೆ ಇಡುವುದು ಉಳಿತಾಯವಲ್ಲ. ಹಳೇ ಫ್ರೀವೀಲ್ ಹೊಸ ಚೈನನ್ನೂ ಬೇಗ ಸವೆಸುತ್ತದೆ.

ಚೈನಿನಲ್ಲಿ ಒಂದಿಂಚು ಕತ್ತರಿಸುವ ರಿಪೇರಿಯನ್ನು ನಾನು ಒಪ್ಪದಿರುವುದೂ ಇದೇ ಕಾರಣಕ್ಕೆ. ಚೈನಿನಲ್ಲಿ ಒಳಕೊಂಡಿ, ಹೊರಕೊಂಡಿ ಒಂದಾದ ಮೇಲೊಂದು ಬರುವುದರಿಂದ ತೆಗೆದರೆ ಜೋಡಿಯನ್ನೇ ತೆಗೆಯಬೇಕು, ಅದಕ್ಕೇ ಒಂದಿಂಚು. ಕತ್ತರಿಸಿದ ಮೇಲೂ ಉಳಿದ ನೂರರಷ್ಟು ಕೀಲುಗಳು ಸವೆದೇ ಇರುತ್ತವೆ. ಅದರ ಜೊತೆಗೆ ಪಿನ್ ಬಡಿದು ಸೇರಿಸಿದ ಜಾಗದಲ್ಲಿ ಒಂದು ಬಿರುಸು ಕೊಂಡಿ ಹೊಸದಾಗಿ ಹುಟ್ಟಿಕೊಳ್ಳುವುದುಂಟು. ಎರಡೂವರೆ ಸುತ್ತಿಗೊಮ್ಮೆ ಸದ್ದು ಮಾಡುತ್ತದೆ ಎಂದೆನಲ್ಲ, ಅದೇ ಇದು. ಅದನ್ನು ಹುಡುಕಲು ಪೆಡಲನ್ನು ನಿಧಾನಕ್ಕೆ ಹಿಂದಕ್ಕೆ ತಿರುಗಿಸುತ್ತ ಚೈನ್ ಫ್ರೀವೀಲ್ ಬಿಟ್ಟು ಹೊರಬರುವ ಜಾಗ ನೋಡಬೇಕು. ಒಂದು ಕೊಂಡಿ ಮಾತ್ರ ನೆಟ್ಟಗಾಗದೆ ಮೊಣಕಾಲು ಮಡಚಿದಂತೆಯೇ ಬರುತ್ತದೆ. ಅದರ ಎರಡೂ ಪಕ್ಕ ಚೈನ್ ಹಿಡಿದು ಎಡಕ್ಕೂ ಬಲಕ್ಕೂ ನಾಲ್ಕು ಸಲ ಹಿತವಾಗಿ ಬಗ್ಗಿಸಿ ಎರಡು ಹನಿ ಎಣ್ಣೆ ಬಿಟ್ಟರೆ ಸಾಮಾನ್ಯವಾಗಿ ಬಿಡಿಸಿಕೊಳ್ಳುತ್ತದೆ.

ರಾಯಚೂರು ಸೀಮೆಯಲ್ಲಿ ಚೈನ್ ಬೇಗ ಸವೆಯುತ್ತದೆ ಎಂದರೆ ನೆಲವನ್ನೂ ಸ್ವಲ್ಪ ದೂರಬೇಕು. ಬೇಸಿಗೆಯಲ್ಲಿ ಮಸಾರಿ ದಾರಿಯ ಸಣ್ಣ ಮರಳು ಎದ್ದು ಚೈನಿಗೆ ಬಂದು ಕೂರುತ್ತದೆ. ಮಳೆ ಬಂದ ಮೇಲೆ ಎರೆಮಣ್ಣು ಮಡ್‌ಗಾರ್ಡಿಗೂ ಚಕ್ರಕ್ಕೂ ನಡುವೆ ತುಂಬಿ ಚೈನಿನ ಮೇಲೆ ಉದುರುತ್ತದೆ. ನಾಟಿ ಕಾಲದಲ್ಲಿ ಗದ್ದೆಯ ಬದುವಿಗೆ ಒರಗಿಸಿದ ಸೈಕಲ್ಲಿಗೆ ರಾಡಿಯ ಲೇಪ. ಇದರ ಮೇಲೆ ಬೈಕಿನಿಂದ ಇಳಿಸಿದ ಕರಿ ಆಯಿಲ್ ಸುರಿದರೆ ಮರಳು, ಮಣ್ಣು, ಎಣ್ಣೆ ಕೂಡಿ ಕೀಲಿನೊಳಕ್ಕೆ ಇಳಿದು ಅರೆಯುತ್ತವೆ. ಚೈನ್ ಹೊರಗಿನಿಂದ ಕಪ್ಪಗೆ ಮಿಂಚುತ್ತಿದ್ದರೆ ಚೆನ್ನಾಗಿದೆ ಎಂಬ ನಂಬಿಕೆ ಬಲವಾಗಿದೆ. ಎಣ್ಣೆ ಬೇಕಾಗಿರುವುದು ಒಳಗೆ, ಪಿನ್ ಮತ್ತು ಬುಷ್ ಸೇರುವಲ್ಲಿ. ಹೊರಗಡೆ ಒಣಗಿದಂತಿದ್ದರೇ ಒಳ್ಳೆಯದು. ಹಳೇ ಬ್ರಷ್ ಮತ್ತು ಒಂದಿಷ್ಟು ಸೀಮೆಎಣ್ಣೆಯಿಂದಲೋ ಡೀಸೆಲ್‌ನಿಂದಲೋ ಉಜ್ಜಿ, ಬಟ್ಟೆಯಿಂದ ಒರೆಸಿ, ಒಣಗಲು ಬಿಟ್ಟು, ಹೊಲಿಗೆ ಯಂತ್ರದ ಎಣ್ಣೆಯಂಥ ತೆಳು ಎಣ್ಣೆಯನ್ನು ಒಂದೊಂದು ರೋಲರಿಗೆ ಒಂದೊಂದು ಹನಿ ಬಿಟ್ಟು, ಪೆಡಲ್ ಹಿಂದಕ್ಕೆ ತಿರುಗಿಸಿ, ಕೊನೆಗೆ ಹೊರಗಿನ ಎಣ್ಣೆಯನ್ನೆಲ್ಲ ಒರೆಸಿ ತೆಗೆಯಿರಿ. ಕಾಲುವೆಯಲ್ಲಿ ಸೈಕಲ್ ತೊಳೆದ ಸಂಜೆಯಂತೂ ಇದನ್ನು ತಪ್ಪಿಸಬಾರದು.

ಇನ್ನು ಸೀಮೆಸುಣ್ಣದ ಗುರುತು ಫ್ರೀವೀಲಿನ ಹೊಟ್ಟೆಯ ಕಡೆ ಬೆರಳು ತೋರಿಸಿದ್ದರೆ ಏನು? ಫ್ರೀವೀಲಿನ ಒಳಗೆ ಸಣ್ಣ ಉಕ್ಕಿನ ನಾಲಿಗೆಗಳಿವೆ, ಅವುಗಳನ್ನು ಹೊರಕ್ಕೆ ಒತ್ತುವ ಎಳೆಯಂಥ ಸ್ಪ್ರಿಂಗ್‌ಗಳಿವೆ. ಮುಂದಕ್ಕೆ ತುಳಿದಾಗ ನಾಲಿಗೆ ಒಳಹಲ್ಲಿಗೆ ಸಿಕ್ಕಿ ಚಕ್ರವನ್ನು ಎಳೆಯುತ್ತದೆ, ತುಳಿಯುವುದು ಬಿಟ್ಟಾಗ ‘ಟಿಕ್ ಟಿಕ್’ ಎಂದು ಹಲ್ಲಿನ ಮೇಲೆ ಜಾರುತ್ತದೆ. ಒಳಗೆ ಗಟ್ಟಿ ಗ್ರೀಸ್ ತುಂಬಿದ್ದರೆ ಅಥವಾ ಕೆಸರು ಒಣಗಿದ್ದರೆ ನಾಲಿಗೆ ಏಳುವುದಿಲ್ಲ. ಸೈಕಲ್ ಮಲಗಿಸಿ, ಫ್ರೀವೀಲಿನ ತಿರುಗುವ ಭಾಗ ಮತ್ತು ತಿರುಗದ ಭಾಗದ ನಡುವಿನ ಸಂದಿಗೆ ಸೀಮೆಎಣ್ಣೆ ಬಿಡುತ್ತ ಹಿಂದಕ್ಕೆ ತಿರುಗಿಸಿ, ಕೊಳೆ ಇಳಿದು ‘ಟಿಕ್ ಟಿಕ್’ ಚುರುಕಾದ ಮೇಲೆ ತೆಳು ಎಣ್ಣೆ ಬಿಡಿ. ಇದಕ್ಕೆ ಗ್ರೀಸ್ ಬೇಡವೇ ಬೇಡ. ಇಷ್ಟಾದರೂ ಜಾರಿದರೆ ಒಳಹಲ್ಲು ಸವೆದಿದೆ, ಫ್ರೀವೀಲ್ ಬದಲಿಸಬೇಕು. ಅದನ್ನು ಹಬ್ಬಿನಿಂದ ಬಿಚ್ಚುವ ಕೆಲಸ ಮಾತ್ರ ಅಂಗಡಿಯವರಿಗೇ ಬಿಡಿ. ವರ್ಷಗಟ್ಟಲೆ ತುಳಿದ ಬಲದಲ್ಲಿ ಅದು ಥ್ರೆಡ್ಡಿನ ಮೇಲೆ ಬಿಗಿದುಕೊಂಡಿರುತ್ತದೆ. ಸರಿಯಾದ ಕೀ ಇಲ್ಲದೆ ಸುತ್ತಿಗೆ ಹಿಡಿದರೆ ಹಬ್ಬಿಗೇ ಪೆಟ್ಟಾಗುತ್ತದೆ. ಹೊಸದನ್ನು ಕೂರಿಸುವಾಗ ಥ್ರೆಡ್ಡಿಗೆ ಒಂದಿಷ್ಟು ಗ್ರೀಸ್ ಸವರಲು ಹೇಳಿ. ಮುಂದೊಂದು ದಿನ ಬಿಚ್ಚುವವರಿಗೆ ಅನುಕೂಲ.

ಈ ಎಲ್ಲ ವಿವರ ಯಾರಿಗೆ ಹೆಚ್ಚು ಬೇಕು ಎಂದು ಕೇಳಿದರೆ, ಹೈಸ್ಕೂಲ್ ಹುಡುಗಿಯರಿಗೆ ಎನ್ನುತ್ತೇನೆ. ಕರ್ನಾಟಕ ಸರ್ಕಾರ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ತಂದಿತು. ಮೊದಲು ಹುಡುಗಿಯರಿಗೆ, ಆಮೇಲೆ ಹುಡುಗರಿಗೂ ಅದು ದೊರೆಯಿತು. ಕೋವಿಡ್ ಬಂದ ಮೇಲೆ ವಿತರಣೆ ನಿಂತಿತು. ಆ ಸೈಕಲ್‌ಗಳಿಗೆ ಗೇರ್ ಇರಲಿಲ್ಲ. ಅಕ್ಕನ ಸೈಕಲ್ ತಂಗಿಗೆ, ಅವಳಿಂದ ಹೊಲಕ್ಕೆ ಹೋಗುವ ಅಪ್ಪನಿಗೆ ದಾಟಿ ಎಷ್ಟೋ ಸೈಕಲ್ ಇನ್ನೂ ಓಡುತ್ತಿವೆ. ಸೈಕಲ್ ಒಂದರಿಂದ ಏನಾಗುತ್ತದೆ ಎಂದು ಅನುಮಾನ ಪಡುವವರು ಬಿಹಾರದ ಕಡೆ ನೋಡಬಹುದು. ಅಲ್ಲಿ 2006ರಲ್ಲೇ ಒಂಬತ್ತನೇ ತರಗತಿ ಸೇರುವ ಹುಡುಗಿಯರಿಗೆ ಸೈಕಲ್ ಯೋಜನೆ ಬಂತು. ಅದನ್ನು ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶೀಥ್ ಪ್ರಕಾಶ್, ಹೈಸ್ಕೂಲ್ ವಯಸ್ಸಿನ ಹುಡುಗಿಯರ ದಾಖಲಾತಿ ಶೇ 32ರಷ್ಟು ಏರಿತು, ಹುಡುಗ-ಹುಡುಗಿಯರ ನಡುವಿನ ಅಂತರ ಶೇ 40ರಷ್ಟು ತಗ್ಗಿತು ಎಂದು 2017ರಲ್ಲಿ ಪ್ರಕಟಿಸಿದರು. ಶಾಲೆ ಮೂರು ಕಿಲೋಮೀಟರಿಗಿಂತ ದೂರವಿದ್ದ ಹಳ್ಳಿಗಳಲ್ಲಿ ಫಲ ಹೆಚ್ಚು ಕಂಡಿತ್ತು.

ಸೈಕಲ್ ಮೂರು ಕಿಲೋಮೀಟರನ್ನು ಹತ್ತಿರ ಮಾಡುತ್ತದೆ, ಹಾರುವ ಚೈನ್ ಅದನ್ನು ಮತ್ತೆ ದೂರ ಮಾಡುತ್ತದೆ. ಹುಡುಗರು ಬಿದ್ದು ಎದ್ದು ಸೈಕಲ್ ಶಾಪಿನ ಮುಂದೆ ನಿಂತು ನೋಡಿ ಒಂದಿಷ್ಟು ಕಲಿಯುತ್ತಾರೆ. ಹುಡುಗಿಯರಿಗೆ ಆ ಅಂಗಡಿಯ ಮುಂದೆ ನಿಲ್ಲುವ ಸಲುಗೆ ಇರುವುದಿಲ್ಲ. ಅವರ ಸೈಕಲ್ಲಿನಲ್ಲಿ ಲಂಗ, ಚೂಡಿದಾರ ಸಿಕ್ಕಿಕೊಳ್ಳದಿರಲಿ ಎಂದು ಚೈನ್ ಕವರ್ ದೊಡ್ಡದಿರುತ್ತದೆ. ಅದು ಬೇಕಾದದ್ದೇ, ಆದರೆ ಅದರೊಳಗಿನ ಚೈನ್ ಯಾರ ಕಣ್ಣಿಗೂ ಬೀಳದೆ ಸವೆಯುತ್ತದೆ. ದಾರಿಯಲ್ಲಿ ಒಂದು ಸಲ ಬಿದ್ದು ಮೊಣಕಾಲು ಕೆತ್ತಿಕೊಂಡು ಬಂದರೆ ‘ಇನ್ನ ಸೈಕಲ್ ಬ್ಯಾಡ’ ಎಂದು ಮನೆಯವರು ಹೇಳಿಬಿಡುವುದು ನಮ್ಮ ಕಡೆ ಕಷ್ಟದ ಮಾತಲ್ಲ. ಎಂಟನೇ ತರಗತಿಯ ಒಂದು ಪಿರಿಯಡ್ಡಿನಲ್ಲಿ ಶಾಲೆಯ ಅಂಗಳಕ್ಕೆ ಒಂದು ಸೈಕಲ್ ತಂದು ನಿಲ್ಲಿಸಿ, ಅಡಿಪಟ್ಟಿ ಹಿಡಿದು 24 ಕೊಂಡಿ ಎಣಿಸಲು ಹೇಳಿಕೊಡುವುದು ಯಾವ ಶಾಲೆಗೂ ಭಾರವಾಗದು. ಅಳತೆ, ಸರಾಸರಿ, ಸನ್ನೆಯ ನಿಯಮ, ಘರ್ಷಣೆ, ಪಾಠದಲ್ಲಿರುವ ಎಷ್ಟೋ ವಿಷಯ ಆ ಚೈನಿನ ಮೇಲೇ ಇವೆ. ವರ್ಷಕ್ಕೆರಡು ಸಲ, ನಾಟಿಗೆ ಮೊದಲು ಮತ್ತು ಮಳೆ ಹಿಂದೆ ಬಿದ್ದ ಮೇಲೆ, ಊರಿನ ಸೈಕಲ್ ಶಾಪಿನವರನ್ನು ಮರ್ಯಾದೆಯಿಂದ ಶಾಲೆಗೆ ಕರೆಸಿ ಕಲಿಸಲು ಹೇಳಿದರೆ ಇನ್ನೂ ಒಳ್ಳೆಯದು. ಅವರ ಕೈಯಲ್ಲಿರುವ ವಿದ್ಯೆ ಪುಸ್ತಕದಲ್ಲಿಲ್ಲ.

ಅಳೆದು ನೋಡಿ ಚೈನ್ ಬದಲಿಸಲೇಬೇಕು ಎಂದಾದರೆ, ಹೊಸದನ್ನು ಹಾಕುವ ಕೆಲಸ ಮನೆಯಲ್ಲೇ ಆಗುತ್ತದೆ. ಹೊಸದರ ಉದ್ದ ತೆಗೆಯುವಾಗ ಹಳೇ ಚೈನನ್ನು ಪಕ್ಕಕ್ಕೆ ಹಿಡಿದು ಹೋಲಿಸಬೇಡಿ, ಹಳೆಯದು ಸವೆದು ಉದ್ದವಾಗಿದೆ. ಕೊಂಡಿಗಳನ್ನು ಎಣಿಸಿ, ಅಷ್ಟೇ ಕೊಂಡಿ ಇಡಿ. ಆದರೆ ಹಳೆಯದನ್ನು ಯಾರಾದರೂ ಹಿಂದೆ ಕತ್ತರಿಸಿದ್ದರೆ ಆ ಎಣಿಕೆಯೂ ತಪ್ಪು. ಆಗ ಚಕ್ರವನ್ನು ಮುಂದಕ್ಕೆ ತಳ್ಳಿ, ಹೊಸ ಚೈನನ್ನು ಸುತ್ತಿ ನೋಡಿಯೇ ಅಳತೆ ತೆಗೆಯಬೇಕು. ಎರಡು ತುದಿ ಸೇರಿಸುವುದು ಲಾಕ್. ಎರಡು ಪಿನ್ನಿನ ಕೊಂಡಿ, ಅದರ ಮೇಲೊಂದು ಪಟ್ಟಿ, ಪಟ್ಟಿಯ ಮೇಲೆ ಮೀನಿನಾಕಾರದ ಕ್ಲಿಪ್. ಕ್ಲಿಪ್ಪಿನ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗೆ ಮುಖ ಮಾಡಿರಬೇಕು, ಸೀಳಿದ ತುದಿ ಹಿಂದೆ. ಚೈನಿನ ಮೇಲುಭಾಗ ಮುಂದಕ್ಕೆ ಓಡುವುದರಿಂದ, ಲಾಕ್ ಮೇಲೆ ಇರುವಾಗ ಮುಚ್ಚಿದ ತುದಿ ಹ್ಯಾಂಡಲ್ ಕಡೆಗೆ ಇದೆಯೇ ನೋಡಿದರೆ ಸಾಕು. ತಿರುಗಾಮುರುಗಾ ಹಾಕಿದ ಕ್ಲಿಪ್ ಎಲ್ಲೋ ತಾಗಿ ಕಳಚಿ ಹೋಗುತ್ತದೆ.

ಬಿಗಿ ಮಾಡುವಾಗ ಹಿಂದಿನ ಎರಡೂ ನಟ್ ಸಡಿಲಿಸಿ ಚಕ್ರ ಎಳೆಯಿರಿ, ಚೈನ್ ಇರುವ ಕಡೆಯ ನಟ್ಟನ್ನು ಹಿಡಿಯುವಷ್ಟು ಮಾತ್ರ ಬಿಗಿಸಿ. ಆಮೇಲೆ ಟೈರಿನ ಎಡಕ್ಕೂ ಬಲಕ್ಕೂ ಫ್ರೇಮಿನ ಕೊಳವೆಗಳಿಂದ ಒಂದೇ ಅಂತರ ಬರುವ ಹಾಗೆ ಚಕ್ರ ನೇರ ಮಾಡಿ ಇನ್ನೊಂದು ಕಡೆ ಬಿಗಿಸಿ, ಕೊನೆಗೆ ಎರಡನ್ನೂ ಪೂರಾ ಬಿಗಿಸಿ. ಚೈನ್‌ವೀಲ್ ಪೂರಾ ದುಂಡಗಿರುವುದು ಅಪರೂಪ. ಪೆಡಲ್ ನಿಧಾನಕ್ಕೆ ತಿರುಗಿಸಿದರೆ ಚೈನ್ ಒಂದು ಕಡೆ ಬಿಗಿಯಾಗುತ್ತದೆ, ಇನ್ನೊಂದು ಕಡೆ ಸಡಿಲಾಗುತ್ತದೆ. ಅತಿ ಬಿಗಿಯಾದ ಜಾಗದಲ್ಲಿ ನಿಲ್ಲಿಸಿ, ಚೈನಿನ ನಡುವೆ ಬೆರಳಿಂದ ಒತ್ತಿದರೆ ಅರ್ಧ ಇಂಚು ಮೇಲೆ ಕೆಳಗೆ ಆಡಬೇಕು. ತಂತಿಯ ಹಾಗೆ ಎಳೆದು ನಿಲ್ಲಿಸಿದರೆ ಪೆಡಲ್ ಭಾರವಾಗುತ್ತದೆ, ಫ್ರೀವೀಲಿನ ಮತ್ತು ಹಬ್ಬಿನ ಗುಂಡುಗಳು ಸವೆಯುತ್ತವೆ. ಚಕ್ರ ಸರಿದ ಮೇಲೆ ಹಿಂದಿನ ಬ್ರೇಕಿನ ರಬ್ಬರ್ ರಿಮ್ಮಿಗೆ ಸರಿಯಾಗಿ ತಾಗುತ್ತಿದೆಯೇ ಎಂದು ನೋಡಿಯೇ ಸೈಕಲ್ ಹತ್ತಿ. ಹೊಸ ಚೈನ್ ಮೊದಲ ದಿನಗಳಲ್ಲಿ ಕೊಂಚ ಸಡಿಲಾಗುವುದು ಸಹಜ, ನಟ್ ಕೂಡ ಕೂತುಕೊಳ್ಳುತ್ತದೆ. ಒಂದು ವಾರ ಓಡಿಸಿ ಮತ್ತೊಮ್ಮೆ ಪಾನಾ ಹಾಕಿ ನೋಡಿ. ಚೈನ್ ಹಾಕಿದ ತಿಂಗಳನ್ನು ಸೀಟಿನ ಕೆಳಗೆ ಫ್ರೇಮಿನ ಮೇಲೆ ಬಣ್ಣದಲ್ಲಿ ಬರೆದಿಟ್ಟರೆ ಮುಂದಿನ ಅಳತೆ ಯಾವಾಗ ಎಂದು ಮನೆಯಲ್ಲಿ ಯಾರು ಸೈಕಲ್ ಹೊಡೆದರೂ ತಿಳಿಯುತ್ತದೆ.